ವಿದೇಶದಲ್ಲಿ ಲೇಓವರ್: ವಿಮಾನ ಸಿಬ್ಬಂದಿ ಮೊದಲೇ ಮಾಡಿಕೊಳ್ಳಬೇಕಾದ ಏರ್ಪಾಡು

ಹಾಸನ, ಸಕಲೇಶಪುರ, ಮೂಡಿಗೆರೆ, ಕಡೂರು ಕಡೆಯಿಂದ ಕ್ಯಾಬಿನ್ ಕ್ರೂ ಕೆಲಸಕ್ಕೆ ಸೇರಿದ ಮಕ್ಕಳು ಮನೆಯಲ್ಲಿ ಹೇಳುವ ಮಾತು ಒಂದೇ: "ಎಲ್ಲಾ ಕಂಪನಿಯವರೇ ನೋಡ್ಕೋತಾರೆ." ವಿಮಾನದೊಳಗೆ ಇರುವಷ್ಟು ಹೊತ್ತು ಅದು ಬಹುಮಟ್ಟಿಗೆ ನಿಜ. ಲೇಓವರ್ ಎಂದರೆ ಎರಡು ಹಾರಾಟಗಳ ನಡುವೆ ಹೊರ ಊರಿನಲ್ಲಿ ತಂಗುವುದು. ದುಬೈನಲ್ಲೋ ಬ್ಯಾಂಕಾಕಿನಲ್ಲೋ ಹೋಟೆಲ್ಲಿಗೆ ಬಂದು ಸಮವಸ್ತ್ರ ಕಳಚಿದ ಮೇಲಿನ ಗಂಟೆಗಳು ಮಾತ್ರ ರೋಸ್ಟರಿನ (ಡ್ಯೂಟಿ ಪಟ್ಟಿಯ) ಲೆಕ್ಕದಲ್ಲಿ ಡ್ಯೂಟಿಯಲ್ಲ, ವಿಶ್ರಾಂತಿ. ಆಗ ಬಾತ್‌ರೂಮಿನಲ್ಲಿ ಜಾರಿ ಮಣಿಕಟ್ಟು ಮುರಿದರೆ, ಊಟಕ್ಕೆ ಹೊರಟಾಗ ಕಾರು ತಗುಲಿದರೆ ಹಣ ಯಾರು ಕೊಡುತ್ತಾರೆ ಎಂಬುದು ಪಾಲಿಸಿಯ ಒಕ್ಕಣೆಯ ಮೇಲೆ ನಿಂತಿದೆ. ಆ ಒಕ್ಕಣೆಯನ್ನು ಊರಲ್ಲಿದ್ದಾಗಲೇ ಓದಿಕೊಳ್ಳಿ.

ಎಚ್‌ಆರ್‌ನಿಂದ ಬರವಣಿಗೆಯಲ್ಲಿ ಪಡೆಯುವುದು

ಬಾಯಿಮಾತು ಬೇಡ, ಇಮೇಲ್ ಮಾಡಿ. ಕಂಪನಿಯ ಗ್ರೂಪ್ ಮೆಡಿಕ್ಲೇಮ್ ಸಾಮಾನ್ಯವಾಗಿ ಭಾರತದೊಳಗಿನ ಚಿಕಿತ್ಸೆಗೆ ಮಾತ್ರ. ವಿದೇಶದ ಚಿಕಿತ್ಸೆಗೆ ಬೇರೆ ಪಾಲಿಸಿ ಇದೆಯೇ, ಅದು ಲೇಓವರ್ ವಿಶ್ರಾಂತಿಯೂ ಸೇರಿ ಪೂರ್ತಿ 24 ಗಂಟೆಗೆ ಅನ್ವಯಿಸುತ್ತದೆಯೇ, ಮೊದಲು ನಿಮ್ಮ ಜೇಬಿನಿಂದ ಎಷ್ಟು ಕಟ್ಟಬೇಕು, ರೋಗಿಯನ್ನು ವಿಮಾನದಲ್ಲಿ ಊರಿಗೆ ಕರೆತರುವ ಖರ್ಚು ಮತ್ತು ಪಾರ್ಥಿವ ಶರೀರ ತರುವ ಖರ್ಚು ಸೇರಿದೆಯೇ ಎಂದು ಕೇಳಿ. ಅಳತೆಗೋಲು ಬೇಕಿದ್ದರೆ, ಯುರೋಪಿನ ಶೆಂಗೆನ್ ವೀಸಾಕ್ಕೆ ಪ್ರವಾಸಿಗಳಿಂದ ಕೇಳುವ ಕನಿಷ್ಠ ವೈದ್ಯಕೀಯ ವಿಮೆ 30,000 ಯೂರೋ. ಅಮೆರಿಕದಲ್ಲಿ ಒಂದು ದೊಡ್ಡ ಶಸ್ತ್ರಚಿಕಿತ್ಸೆಗೆ ಅದು ಸಾಲದು.

ಹೆಚ್ಚಿನವರು ಎಡವುವುದು ಸ್ವಂತ ಅಪಘಾತ ವಿಮೆಯಲ್ಲಿ. ಬ್ಯಾಂಕಿನಲ್ಲೋ ಏಜೆಂಟರಿಂದಲೋ ತೆಗೆದುಕೊಂಡ ವೈಯಕ್ತಿಕ ಅಪಘಾತ ಪಾಲಿಸಿಗಳ ಹೊರಗಿಟ್ಟ ಸಂದರ್ಭಗಳ ಪಟ್ಟಿಯಲ್ಲಿ ಸಾಮಾನ್ಯವಾಗಿ ಒಂದು ಸಾಲಿರುತ್ತದೆ: ಪ್ರಯಾಣಿಕನಾಗಿ ಅಲ್ಲದೆ ಬೇರೆ ರೀತಿಯಲ್ಲಿ ವಿಮಾನದಲ್ಲಿದ್ದಾಗ, ಹತ್ತುವಾಗ ಅಥವಾ ಇಳಿಯುವಾಗ ಆದ ಅಪಘಾತಕ್ಕೆ ಪರಿಹಾರವಿಲ್ಲ. ಕ್ರೂ ಪ್ರಯಾಣಿಕರಲ್ಲ. ಉದ್ಯೋಗವನ್ನು ಅರ್ಜಿಯಲ್ಲಿ ಸರಿಯಾಗಿ ಬರೆಸಿ, ಆ ಸಾಲನ್ನು ತೆಗೆಸಿದ ಒಪ್ಪಿಗೆಪತ್ರ ಪಡೆಯಿರಿ. ಸಿಗದಿದ್ದರೆ ಆ ಪಾಲಿಸಿ ನೆಲದ ಮೇಲಿನ ಅಪಘಾತಕ್ಕಷ್ಟೇ ಎಂದು ತಿಳಿದಿರಿ.

ನಮ್ಮ ಕಡೆಯ ಇನ್ನೊಂದು ತೊಡಕು ಇನಿಷಿಯಲ್ಸ್. ಪಾಸ್‌ಪೋರ್ಟಿನಲ್ಲಿ ಊರು, ತಂದೆಯ ಹೆಸರು ಬಿಡಿಸಿ ಬರೆದಿರುತ್ತಾರೆ, ಬ್ಯಾಂಕಿನಲ್ಲಿ ಬರೀ ಎಚ್.ಎಸ್., ಪಾಲಿಸಿಯಲ್ಲಿ ಮತ್ತೊಂದು ಬಗೆ. ಕ್ಲೇಮು ನಿಲ್ಲುವುದಕ್ಕೆ ಇಷ್ಟೇ ಸಾಕು. ಪಾಲಿಸಿಯ ಹೆಸರು ಪಾಸ್‌ಪೋರ್ಟಿನಂತೆಯೇ ಇರಲಿ, ನಾಮಿನಿಯ ಹೆಸರು ಅವರ ಆಧಾರ್‌ನಂತೆಯೇ ಇರಲಿ.

ಕಾನೂನಿನ ಆಸರೆಯೂ ಉಂಟು. ಕೆಲಸದಲ್ಲಿ ಗಾಯಗೊಂಡವರಿಗಾಗಿ ಇದ್ದ 1923ರ ನೌಕರರ ಪರಿಹಾರ ಕಾಯ್ದೆಯ ವ್ಯಾಪ್ತಿಯಲ್ಲಿ ವಿಮಾನದ ಕ್ಯಾಪ್ಟನ್ ಮತ್ತು ಸಿಬ್ಬಂದಿ ಸ್ಪಷ್ಟವಾಗಿ ಇದ್ದರು. ಈಗ ಅದರ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಗಾಯ ಕೆಲಸದಿಂದ, ಕೆಲಸದ ಅವಧಿಯಲ್ಲಿ ಆದದ್ದೆಂದು ತೋರಿಸಬೇಕು. ಹೋಟೆಲ್ ಕಂಪನಿಯೇ ಕೊಟ್ಟದ್ದು, ಆ ಊರಿನಲ್ಲಿ ಉಳಿದದ್ದು ರೋಸ್ಟರಿನಿಂದಲೇ ಎಂಬುದಕ್ಕೆ ದಾಖಲೆ ಇಟ್ಟುಕೊಳ್ಳಿ. ಮದ್ಯದ ಅಮಲಿನಲ್ಲಿ ಆದ ಗಾಯವೆಂದು ಆಸ್ಪತ್ರೆಯ ಕಾಗದದಲ್ಲಿ ಬಂದರೆ ವಿಮೆಯೂ ಕಾನೂನೂ ಎರಡೂ ಕೈಬಿಡಬಹುದು.

ಬ್ಯಾಗಿನಲ್ಲಿ ಏನಿರಬೇಕು, ಏನಿರಬಾರದು

ಅಮ್ಮ ಕಟ್ಟಿಕೊಡುವ ಡಬ್ಬಿಯಿಂದಲೇ ಶುರುಮಾಡಬೇಕು. ಗಸಗಸೆಗೆ ಯುಎಇ, ಸೌದಿ ಅರೇಬಿಯಾಗಳಲ್ಲಿ ನಿಷೇಧವಿದೆ, ಸಿಂಗಾಪುರದಲ್ಲೂ ನಿರ್ಬಂಧವಿದೆ. ಗಸಗಸೆ ಅಫೀಮಿನ ಗಿಡದ ಬೀಜ ಎಂಬುದೇ ಕಾರಣ. ಕೋಳಿ ಸಾರಿಗೆಂದು ಮನೆಯಲ್ಲಿ ಮಾಡಿದ ಮಸಾಲೆ ಪುಡಿಯಲ್ಲಿ ಅದು ಸೇರಿದ್ದರೆ ಆ ಪುಡಿಯನ್ನೂ ಒಯ್ಯಬೇಡಿ. ವೀಳ್ಯದೆಲೆಯನ್ನು ದುಬೈ ಕಸ್ಟಮ್ಸ್ ಒಳಗೆ ಬಿಡುವುದಿಲ್ಲ.

ಔಷಧಗಳಲ್ಲಿ ಕೊಡೀನ್ ಇರುವ ಕೆಮ್ಮಿನ ಸಿರಪ್, ನೋವಿಗೆ ಕೊಡುವ ಟ್ರಮಡಾಲ್, ನಿದ್ದೆಗೆ ಕೊಡುವ ಅಲ್ಪ್ರಜೋಲಾಮ್ ಯುಎಇಯಲ್ಲಿ ನಿಯಂತ್ರಿತ. ವೈದ್ಯರ ಚೀಟಿ ಜೊತೆಗೆ ಅಲ್ಲಿನ ಸರ್ಕಾರದ ಆನ್‌ಲೈನ್ ಅನುಮತಿ ಮೊದಲೇ ಬೇಕು. ಜಪಾನಿನಲ್ಲಿ ಸೂಡೋಎಫೆಡ್ರಿನ್ ಶೇ 10ಕ್ಕಿಂತ ಹೆಚ್ಚಿರುವ ನೆಗಡಿ ಔಷಧಕ್ಕೆ ಪ್ರವೇಶವಿಲ್ಲ. ಮಾತ್ರೆಗಳನ್ನು ಡಬ್ಬಿಗೆ ಬಿಡಿಸಿ ಹಾಕಬೇಡಿ. ಸ್ಟ್ರಿಪ್ಪಿನಲ್ಲೇ ಇರಲಿ, ಬ್ರ್ಯಾಂಡ್ ಹೆಸರಿನ ಬದಲು ಔಷಧದ ಮೂಲ ಹೆಸರು ಬರೆದ ಇಂಗ್ಲಿಷ್ ಚೀಟಿ ಜೊತೆಗಿರಲಿ.

ಉಸಿರಿನ ಪರೀಕ್ಷೆಯ ವಿಷಯ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ನಿಯಮದಂತೆ ಹಾರಾಟಕ್ಕೆ 12 ಗಂಟೆ ಮೊದಲಿನಿಂದ ಮದ್ಯ ನಿಷಿದ್ಧ. 12 ಗಂಟೆ ಕಳೆದರೂ ಪರೀಕ್ಷೆಯಲ್ಲಿ ಸೊನ್ನೆಯೇ ಬರಬೇಕು. ಮದ್ಯ ಮುಟ್ಟದವರೂ ದಶಮೂಲಾರಿಷ್ಟ, ಹೋಮಿಯೋಪಥಿ ಟಿಂಕ್ಚರ್, ಮೌತ್‌ವಾಶ್‌ಗಳಿಂದ ಸಿಕ್ಕಿಬೀಳುತ್ತಾರೆ. ಅರಿಷ್ಟ, ಆಸವಗಳಲ್ಲಿ ಹುದುಗಿನಿಂದ ಹುಟ್ಟಿದ ಆಲ್ಕೋಹಾಲ್ ಇದ್ದೇ ಇರುತ್ತದೆ. ಅಂಗಡಿಯಲ್ಲಿ ಸಿಗುವ ಎಷ್ಟೋ ನೆಗಡಿ ಮಾತ್ರೆಗಳಲ್ಲಿ ತೂಕಡಿಕೆ ತರುವ ಕ್ಲೋರ್‌ಫೆನಿರಮಿನ್ ಇದೆ. ಡ್ಯೂಟಿಗೆ ಮುಂಚೆ ಅದು ಬೇಡ.

ಇರಬೇಕಾದದ್ದು ಇಷ್ಟು: 10 ಪ್ಯಾರಾಸಿಟಮಾಲ್, 1 ಲೀಟರಿನ 4 ಓಆರ್‌ಎಸ್ ಪೊಟ್ಟಣ (200 ಮಿಲಿಯ ಸಣ್ಣ ಪೊಟ್ಟಣವೂ ಇದೆ, ನೋಡಿ ಕೊಳ್ಳಿ, ನೀರು ಕಡಿಮೆಯಾದರೆ ಉಪ್ಪು ಹೆಚ್ಚಾಗಿ ಭೇದಿ ಜಾಸ್ತಿಯಾಗುತ್ತದೆ), ಥರ್ಮಾಮೀಟರ್, ಮತ್ತು ದಿನನಿತ್ಯದ ಮಾತ್ರೆ ಇದ್ದರೆ ಪ್ರವಾಸದ ದಿನಗಳಿಗಿಂತ 5 ದಿನದಷ್ಟು ಹೆಚ್ಚು. ಎಲ್ಲವೂ ಹ್ಯಾಂಡ್ ಬ್ಯಾಗಿನಲ್ಲಿ. ಆಫ್ರಿಕಾದ ರೂಟ್ ಇದ್ದರೆ ಹಳದಿ ಜ್ವರದ ಲಸಿಕೆ ಪತ್ರವೂ ಬೇಕು: ಚುಚ್ಚಿಸಿಕೊಂಡ 10 ದಿನಕ್ಕೆ ಸಿಂಧುವಾಗಿ ಜೀವನಪೂರ್ತಿ ನಡೆಯುತ್ತದೆ. ಅದಿಲ್ಲದೆ ವಾಪಸಾದರೆ ಭಾರತದಲ್ಲೇ 6 ದಿನದವರೆಗೆ ಕ್ವಾರಂಟೈನ್.

ಹೋಟೆಲ್ಲಿನಲ್ಲಿ

ರೂಮಿನ ನಂಬರನ್ನು ರಿಸೆಪ್ಷನಿನಲ್ಲಿ ಗಟ್ಟಿಯಾಗಿ ಹೇಳಿದರೆ ಬೇರೆ ರೂಮು ಕೇಳಿ. 3ರಿಂದ 6ನೇ ಮಹಡಿ ಒಳ್ಳೆಯದು: ಬೀದಿಯಿಂದ ಹತ್ತಿ ಬರಲು ಕಷ್ಟ, ಅಗ್ನಿಶಾಮಕ ಏಣಿಗೆ ಎಟುಕುತ್ತದೆ. ಬ್ಯಾಗ್ ಇಡುವ ಮೊದಲೇ ತುರ್ತು ಮೆಟ್ಟಿಲಿಗೆ ಎಷ್ಟು ಬಾಗಿಲು ದಾಟಬೇಕೆಂದು ಎಣಿಸಿಕೊಳ್ಳಿ, ಹೊಗೆಯಲ್ಲಿ ಕಣ್ಣು ಕಾಣಿಸದು. ಪಕ್ಕದ ರೂಮಿಗೆ ಹೋಗುವ ಒಳಬಾಗಿಲಿನ ಚಿಲಕ, ಬಾಲ್ಕನಿಯ ಚಿಲಕ ನೋಡಿ.

ಸಮುದ್ರ ಇರುವ ಊರಿನಲ್ಲಿ ಸ್ಕೂಬಾ ಡೈವಿಂಗ್ ಆಸೆ ಇದ್ದರೆ ಹಾರಾಟಕ್ಕೆ ಕನಿಷ್ಠ 24 ಗಂಟೆ ಅಂತರ ಇರಲೇಬೇಕು, ಸಣ್ಣ ಲೇಓವರಿನಲ್ಲಿ ಅದು ಆಗದ ಮಾತು. ಎಷ್ಟೋ ಪಾಲಿಸಿಗಳಲ್ಲಿ ಅದು ಸಾಹಸ ಕ್ರೀಡೆಯೆಂದು ಹೊರಗೂ ಇದೆ. ನಾಯಿ ಅಥವಾ ಕೋತಿ ಕಚ್ಚಿದರೆ, ಪರಚಿದರೆ ಸೋಪು ನೀರಿನಲ್ಲಿ 15 ನಿಮಿಷ ತೊಳೆದು ಅವತ್ತೇ ರೇಬೀಸ್ ಲಸಿಕೆ ಹಾಕಿಸಿಕೊಳ್ಳಿ. ಊರಿಗೆ ಬಂದ ಮೇಲೆ ನೋಡೋಣ ಅನ್ನಬೇಡಿ.

ಕಾಯಿಲೆ ಬಿದ್ದಾಗ ಕ್ರಮ

ಪ್ರಾಣಕ್ಕೆ ಅಪಾಯವಿದ್ದರೆ ಮೊದಲು ಆಂಬ್ಯುಲೆನ್ಸ್: ದುಬೈ 998, ಸಿಂಗಾಪುರ 995, ಥಾಯ್ಲೆಂಡ್ 1669, ಬ್ರಿಟನ್ 999, ಯುರೋಪಿನ ಬಹುತೇಕ ಕಡೆ 112, ಅಮೆರಿಕ 911, ಜಪಾನ್ 119. ಹಾಗಿಲ್ಲದಿದ್ದರೆ ಮೊದಲ ಕರೆ ವಿಮೆಯ ಸಹಾಯವಾಣಿಗೆ. ಅವರು ಆಸ್ಪತ್ರೆಗೆ ಹಣದ ಖಾತರಿ ಪತ್ರ ಕಳಿಸಿದರೆ ಮಾತ್ರ ಕ್ಯಾಶ್‌ಲೆಸ್. ಕೇಳದೆ ಸೇರಿಕೊಂಡರೆ ಆಸ್ಪತ್ರೆ ನಿಮ್ಮ ಕಾರ್ಡಿನಿಂದ ಠೇವಣಿ ಕೇಳುತ್ತದೆ. ಬಳಿಕ ಕ್ಯಾಬಿನ್ ಕ್ರೂ ಇನ್‌ಚಾರ್ಜ್ ಮತ್ತು ಕ್ಯಾಪ್ಟನ್‌ಗೆ, ಕ್ರೂ ಶೆಡ್ಯೂಲಿಂಗ್‌ಗೆ ತಿಳಿಸಿ. ಬಾಯಲ್ಲಿ ಹೇಳಿದ್ದನ್ನೇ ಸಮಯ ಹಾಕಿ ಮೆಸೇಜ್ ಮಾಡಿ.

ನೆಗಡಿ ತಾನೇ ಎಂದು ವಾಪಸು ಹಾರಾಟ ಒಪ್ಪಿಕೊಳ್ಳಬೇಡಿ. ಮುಳ್ಳಯ್ಯನಗಿರಿಯ ತುದಿ 1,930 ಮೀಟರ್. ಕ್ಯಾಬಿನ್ನಿನ ಗಾಳಿಯ ಒತ್ತಡ ಅದಕ್ಕಿಂತ ಮೇಲೆ, ಸುಮಾರು 2,400 ಮೀಟರ್ ಎತ್ತರದ ಮಟ್ಟಕ್ಕೂ ಇಳಿಯಬಹುದು. ಲ್ಯಾಂಡಿಂಗ್ ವೇಳೆ ಕಟ್ಟಿದ ಕಿವಿನಾಳ ತೆರೆಯದೆ ಕಿವಿಯ ತಮಟೆ ಹರಿದರೆ ವಾರಗಟ್ಟಲೆ ಕೆಲಸವಿಲ್ಲ.

ಆಸ್ಪತ್ರೆಯಲ್ಲಿ ಉಳಿಯಬೇಕಾದರೆ ಇಮಿಗ್ರೇಷನ್ ಮರೆಯಬೇಡಿ. ಕ್ರೂ ಆಗಿ ಒಳಬಂದವರ ಅನುಮತಿ ವಿಮಾನದ ವಾಪಸಿಗೆ ಕಟ್ಟಿಕೊಂಡಿರುತ್ತದೆ; ಅಮೆರಿಕದ ಡಿ ವೀಸಾದಲ್ಲಿ ಗರಿಷ್ಠ 29 ದಿನ. ಅನುಮತಿ ವಿಸ್ತರಿಸುವ ಕೆಲಸ ಅಲ್ಲಿನ ವಿಮಾನ ನಿಲ್ದಾಣದಲ್ಲಿರುವ ಕಂಪನಿಯ ಸ್ಟೇಷನ್ ಮ್ಯಾನೇಜರ್ ಕೈಗೆ ಬರವಣಿಗೆಯಲ್ಲಿ ಒಪ್ಪಿಸಿ. ಹೊರಡುವಾಗ ಡಿಸ್ಚಾರ್ಜ್ ಸಾರಾಂಶ, ಮೂಲ ಬಿಲ್ಲು, ವಿಮಾನ ಪ್ರಯಾಣಕ್ಕೆ ಯೋಗ್ಯ ಎಂಬ ವೈದ್ಯರ ಪತ್ರ, ರಸ್ತೆ ಅಪಘಾತವಾದರೆ ಪೊಲೀಸ್ ವರದಿ ಕೈಯಲ್ಲಿರಲಿ. ಊರಿಗೆ ಬಂದಮೇಲೆ ಇವನ್ನು ತರಿಸುವುದು ಬಹಳ ಕಷ್ಟ.

ಲೈಂಗಿಕ ದೌರ್ಜನ್ಯ ನಡೆದರೆ ಸ್ನಾನ ಮಾಡದೆ, ಬಟ್ಟೆ ಒಗೆಯದೆ ಆಸ್ಪತ್ರೆಗೆ ಹೋಗಬೇಕು. ಎಚ್‌ಐವಿ ತಡೆಯುವ ಔಷಧ 72 ಗಂಟೆಯೊಳಗೆ, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಮಾಡಿದವರು ಸಹೋದ್ಯೋಗಿಯಾಗಿದ್ದರೆ, ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಕೆಲಸದ ನಿಮಿತ್ತ ಹೋದ ಜಾಗವನ್ನೂ ಕಂಪನಿಯ ವಾಹನವನ್ನೂ ಕೆಲಸದ ಸ್ಥಳವೆಂದೇ ಹೇಳುತ್ತದೆ. ಆಂತರಿಕ ಸಮಿತಿಗೆ ದೂರು ಕೊಡಲು 3 ತಿಂಗಳ ಅವಧಿ. ಅದು ಹೊರದೇಶದ ಹೋಟೆಲ್ಲು, ನಮಗೆ ಸಂಬಂಧವಿಲ್ಲ ಎಂದು ಯಾರಾದರೂ ಅಂದರೆ ನಂಬಬೇಡಿ.

ಮನೆಯವರ ಪಾಲಿನದು

ಅಪ್ಪ ಅಥವಾ ಅಮ್ಮ, ಒಬ್ಬರ ಪಾಸ್‌ಪೋರ್ಟ್ ಈಗಲೇ ಮಾಡಿಸಿ. ಮಗಳು ಐಸಿಯುನಲ್ಲಿದ್ದಾಗ ಹಾಸನದ ಅಂಚೆ ಕಚೇರಿ ಪಾಸ್‌ಪೋರ್ಟ್ ಕೇಂದ್ರದಲ್ಲಿ ಅಪಾಯಿಂಟ್‌ಮೆಂಟ್ ಹುಡುಕುವಂತಾಗಬಾರದು. ಎಸ್ಟೇಟ್ ಕಡೆ ನೆಟ್‌ವರ್ಕ್ ಸಿಗದ ಮನೆಗಳಿವೆ. ಕಂಪನಿಯ ದಾಖಲೆಯಲ್ಲಿ ಪೇಟೆಯಲ್ಲಿರುವ ಚಿಕ್ಕಪ್ಪನದೋ ಅಕ್ಕನದೋ ಎರಡನೇ ನಂಬರ್ ಕೊಡಿ. ಪಾಲಿಸಿ ಸಂಖ್ಯೆ, ಸಹಾಯವಾಣಿ, ರೋಸ್ಟರ್ ಮನೆಯಲ್ಲೊಂದು ಪ್ರತಿ ಇರಲಿ. ಕಂಪನಿ ಸ್ಪಂದಿಸದಿದ್ದರೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ತುರ್ತು ಸಂಖ್ಯೆಗೆ ಕರೆ ಮಾಡಿ, ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲಿನಲ್ಲಿ ದೂರು ದಾಖಲಿಸಿ.

ವಾಪಸು ಬಂದ ಮೇಲಿನ ಜ್ವರ

ಆಫ್ರಿಕಾದ ಲೇಓವರ್ ಮುಗಿಸಿ ರಜೆಗೆ ಊರಿಗೆ ಬಂದವರಿಗೆ ಒಂದೆರಡು ವಾರದಲ್ಲಿ ಜ್ವರ ಬಂದರೆ ಮಲೆನಾಡಿನ ವೈದ್ಯರು ಸಹಜವಾಗಿ ಡೆಂಗಿ, ಇಲಿ ಜ್ವರ, ಮಂಗನ ಕಾಯಿಲೆಯ ಕಡೆ ಯೋಚಿಸುತ್ತಾರೆ. ಆದರೆ ಅದು ಮಲೇರಿಯಾ ಆಗಿರಬಹುದು. ಅದರಲ್ಲಿ ಅಪಾಯಕಾರಿ ಬಗೆಯಾದ ಫಾಲ್ಸಿಪಾರಮ್ ಮಲೇರಿಯಾ ಸೊಳ್ಳೆ ಕಚ್ಚಿದ 7ರಿಂದ 30 ದಿನದಲ್ಲಿ ಕಾಣಿಸಿಕೊಳ್ಳುವುದು ಹೆಚ್ಚು. ತಡವಾದರೆ ಪ್ರಾಣಕ್ಕೇ ಕುತ್ತು. ಯಾವ ಊರಿನಲ್ಲಿ ಯಾವ ತಾರೀಖು ತಂಗಿದ್ದಿರೆಂದು ವೈದ್ಯರಿಗೆ ನೀವೇ ಮೊದಲು ಹೇಳಿ, ಅವತ್ತೇ ಮಲೇರಿಯಾ ರಕ್ತಪರೀಕ್ಷೆ ಮಾಡಿಸಿ. ಮೊದಲ ಪರೀಕ್ಷೆಯಲ್ಲಿ ಇಲ್ಲವೆಂದು ಬಂದರೂ 12ರಿಂದ 24 ಗಂಟೆ ಬಿಟ್ಟು ಮತ್ತೆ, ಒಟ್ಟು ಮೂರು ಸಲ ಮಾಡಿಸಬೇಕು. ಅಲ್ಲಿಯವರೆಗೆ ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಡೆಂಗಿಯೂ ಇರಬಹುದಾದ್ದರಿಂದ ಐಬುಪ್ರೊಫೆನ್, ಆಸ್ಪಿರಿನ್ ಮುಟ್ಟಬೇಡಿ.