ಹಳೆಯ ಸ್ಪ್ಲೆಂಡರ್ ಮೇಲೆ ಗಂಡ ಹೆಂಡತಿ ಕರಾವಳಿ ಸುತ್ತಿದ್ದು: ನನ್ನ ಅನುಭವ

ಗದಗಿನಿಂದ ಕರಾವಳಿಗೆ 100 ಸಿಸಿ ಬೈಕಲ್ಲಿ ಇಬ್ಬರು ಆರಾಮಾಗಿ ಹೋಗಿ ಬರಬಹುದು. ಖರ್ಚು ಕಾರಿನ ಮೂರನೇ ಒಂದು ಪಾಲು. ಹೊರಡುವ ಮುಂಚೆ ನಮ್ಮ ಬುಲೆಟ್ ಗೆಳೆಯರಿಗೆ ಇದನ್ನು ಹೇಳಿದಾಗ ಎಲ್ಲರೂ ನಕ್ಕರು. "ಲೇ, ಅರಬೈಲ ಘಾಟನ್ಯಾಗ ಬ್ರೇಕ್ ಸುಟಗೊಂಡು ಕುಂದರ್ತಿ ನೋಡು" ಅಂತ ಒಬ್ಬ, ಯಲ್ಲಾಪುರದಿಂದ ಅಂಕೋಲೆಗೆ ಇಳಿಯುವ ಘಾಟು ಅದು. "ವೈನಿ ಯಲ್ಲಾಪುರದಾಗ ಬಸ್ ಹತ್ತತಾರ" ಅಂತ ಇನ್ನೊಬ್ಬ, ವೈನಿ ಅಂದರೆ ಅತ್ತಿಗೆ, ನನ್ನ ಹೆಂಡತಿ. ಮಾರ್ಚ್ ಕೊನೆಯಲ್ಲಿ ಹೋಗಿ ಬಂದೆವು. ಬ್ರೇಕ್ ಸುಡಲಿಲ್ಲ, ವೈನಿ ಬಸ್ಸೂ ಹತ್ತಲಿಲ್ಲ.

ಹಿಂದೆ ಕಾರಲ್ಲಿ ಹೋದಾಗ ಹತ್ತಿರ ಹತ್ತಿರ 15 ಸಾವಿರ ಹೋಗಿತ್ತು. ಡೀಸೆಲ್, ಟೋಲ್, ಬೀಚಲ್ಲಿ ಪಾರ್ಕಿಂಗ್, ಮೇಲೆ ಗೋಕರ್ಣದಲ್ಲಿ ಶನಿವಾರದ ರೂಮಿನ ರೇಟು. ಒಂದು ಕಡೆ ಫ್ಯಾನಿನ ರೂಮಿಗೆ 2,800 ಕೇಳಿದರು, ನೀರು ಬೇರೆ ಬೆಳಿಗ್ಗೆ ಎಂಟಕ್ಕೇ ನಿಂತಿತ್ತು. ಇಷ್ಟು ಕೊಟ್ಟು ನೋಡಿದ್ದಾದರೂ ಏನು? ಹೈವೇ 66ರ ಡಿವೈಡರ್.

ಈ ಸಲ ಸಮುದ್ರದ ಪಕ್ಕ ಮಲಗಲೇ ಇಲ್ಲ. ಅಂಕೋಲೆ, ಕುಮಟಾ, ಹೊನ್ನಾವರ, ಈ ಮೂರೂ ಊರಲ್ಲಿ ಬಸ್ ಸ್ಟ್ಯಾಂಡ್ ಸುತ್ತ ಹಳೆಯ ಲಾಡ್ಜ್‌ಗಳಿವೆ. ಶಾಲೆ ನಡೆಯುತ್ತಿರುವ ದಿನಗಳಲ್ಲಿ, ಅದೂ ವಾರದ ನಡುವೆ ಹೋದರೆ 700 ಆಸುಪಾಸಿಗೆ ಚೊಕ್ಕ ರೂಮು ಸಿಗುತ್ತದೆ. ಬೈಕ್ ಒಳಗೆ ನಿಲ್ಲಿಸಲು ಜಾಗ ಇದೆಯಾ ಅಂತ ಮೊದಲು ಕೇಳಿ, ರೇಟು ಆಮೇಲೆ. ರೇಟು ಇಳಿಸಲು ನಾನು ಕೇಳುವ ಒಂದು ಪ್ರಶ್ನೆ ಇದೆ, ಅದನ್ನು ಇಲ್ಲಿ ಬರೆದರೆ ಮುಂದಿನ ಸಲ ನನಗೇ ನಡೆಯಲ್ಲ.

ಅರಬೈಲು ಘಾಟಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಡ್ರಮ್ ಬ್ರೇಕ್ ಗಾಡಿ ಇಳಿಸಿದವರಿಗೆ ಗೊತ್ತು, ಎರಡನೇ ಗೇರಲ್ಲಿ ಬಿಟ್ಟು ಲಾರಿಗಳನ್ನು ಮುಂದೆ ಹೋಗಲು ಬಿಡಬೇಕು, ಅಷ್ಟೆ. ನಿಜವಾದ ತೊಂದರೆ ಕೊಟ್ಟಿದ್ದು ರೆಕ್ಸಿನ್ ಬ್ಯಾಗು. 900 ಕೊಟ್ಟಿದ್ದು, ಮೊದಲ ದಿನವೇ ಸೈಲೆನ್ಸರ್‌ಗೆ ತಾಗಿ ಕರಗಿ ಹೋಯಿತು. ಅಂಕೋಲೆಯಲ್ಲಿ ಎರಡು ಗೋಣಿಚೀಲ ಕೊಂಡು, ಹಳೆಯ ಟ್ಯೂಬ್ ಕತ್ತರಿಸಿ ಬಿಗಿದೆ. 60 ರೂಪಾಯಿ ಖರ್ಚು, ಗದಗಿನವರೆಗೂ ಅಲ್ಲಾಡಲಿಲ್ಲ.

ಈ ದಾರಿಯ ಜೀವ ಇರುವುದು ತದಡಿಯ ದೋಣಿಯಲ್ಲಿ. ಗೋಕರ್ಣದಿಂದ ಕುಮಟಾಕ್ಕೆ ಹೈವೇ ಹಿಡಿದರೆ 30 ಕಿ.ಮೀ. ಮೇಲೆ ಆಗುತ್ತದೆ. ಅದರ ಬದಲು ತದಡಿಗೆ ಹೋಗಿ ಬೈಕನ್ನೇ ದೋಣಿಗೆ ಹತ್ತಿಸಿ, ಅಘನಾಶಿನಿ ಹೊಳೆ ದಾಟಿ, ಆಚೆ ಅದೇ ಹೆಸರಿನ ಊರಲ್ಲಿ ಇಳಿದು, ಕಾಗಾಲ, ಬಾಡದ ಮೇಲೆ ತೆಂಗಿನ ತೋಟಗಳ ನಡುವೆ ಕುಮಟಾ ಸೇರಬಹುದು. ನಮ್ಮಿಬ್ಬರಿಗೂ ಬೈಕಿಗೂ ಸೇರಿ 50ರ ಒಳಗೇ ಆದ ನೆನಪು. ಹತ್ತಿಸುವಾಗ ಮಾತ್ರ ಗಟ್ಟಿ ಕೈ ಬೇಕು. ಸಮುದ್ರದ ಇಳಿತ ಇದ್ದರೆ ದೋಣಿ ಕೆಳಗಿರುತ್ತದೆ, ಹಲಗೆ ಕಡಿದಾಗುತ್ತದೆ, ಬುಲೆಟ್ ಆದರೆ ನಾಲ್ಕು ಜನ ಬೇಕು. ನನ್ನದನ್ನು ದೋಣಿಯವನೂ ನಾನೂ ಸುಮ್ನೆ ಎತ್ತಿ ಇಟ್ಟೆವು. ಭಾರದ ಗಾಡಿಯವರಿಗೆ ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ದೋಣಿ ಬರುವವರೆಗೆ ಕೂತು ನೋಡಿದರೆ ಹೊಳೆಯ ನಡುವೆ ಹೆಂಗಸರು ಸೊಂಟದ ನೀರಲ್ಲಿ ನಿಂತು ಬಳಚು (ತಿನ್ನುವ ಚಿಪ್ಪುಜೀವಿ) ಹೆಕ್ಕುತ್ತಿದ್ದರು. ಹೊಳೆ ಸಮುದ್ರ ಸೇರುವ ಈ ಅಳಿವೆಗೂ ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೂ 2024ರಲ್ಲಿ ಒಟ್ಟಿಗೇ ರಾಮ್ಸರ್ ಪಟ್ಟಿಯಲ್ಲಿ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಯಲ್ಲಿ, ಜಾಗ ಸಿಕ್ಕಿದ್ದು. ಹೆಂಡತಿಗೆ ಹೇಳಿದೆ. "ನಮ್ಮ ಕೆರಿಗೆ ಬರೇ ಹಕ್ಕಿ ಬರ್ತಾವ, ಇಲ್ಲಿ ಊಟನೂ ಸಿಗತೈತಿ" ಅಂದಳು.

ಊಟ ಅಂದಾಗ ನೆನಪಾಯಿತು, ಖಡಕ್ ರೊಟ್ಟಿಯ ವಿಷಯ. ಕರಾವಳಿಗೆ ಖಡಕ್ ರೊಟ್ಟಿ ಒಯ್ದವರಿಗೆ ಗೊತ್ತು, ಒಂದು ರಾತ್ರಿ ಕಳೆಯುವುದರೊಳಗೆ ಅದು ಮೆತ್ತಗಾಗಿ ಚಪ್ಪಲಿ ಚರ್ಮ ಆಗುತ್ತದೆ. ಮುಂಚೆ ಬಟ್ಟೆಯಲ್ಲಿ ಸುತ್ತಿ ನೋಡಿದ್ದೆವು, ಆಗಲಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಇನ್ನೂ ಬೇಗ ಹಾಳಾಯಿತು. ಈ ಸಲ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ, ತಳದಲ್ಲಿ ಚೆನ್ನಾಗಿ ಹುರಿದ ಅಕ್ಕಿ ತುಂಬಿದ ಸಣ್ಣ ಬಟ್ಟೆ ಗಂಟು, ಮೇಲೆ ರೊಟ್ಟಿ. ಹೊನ್ನಾವರದಲ್ಲೂ ಮುರಿದರೆ ಟಕ್ ಅನ್ನುತ್ತಿತ್ತು. ಶೇಂಗಾ ಚಟ್ನಿ, ರೊಟ್ಟಿ ಬೆಳಿಗ್ಗೆಗೆ. ಮಧ್ಯಾಹ್ನ ಒಂದೇ ಹೊತ್ತು ಹೊರಗಿನ ಮೀನೂಟ. ಹೊನ್ನಾವರದಲ್ಲಿ ಒಂದು ಮನೆಯ ಊಟ ಸಿಗುತ್ತದೆ, ಬೋರ್ಡೂ ಇಲ್ಲ. ಎಲ್ಲಿ ಅಂತ ಕೇಳಬೇಡಿ, ಅಲ್ಲಿರುವುದೇ ಎರಡು ಬೆಂಚು.

ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪಿನಾಗರದಲ್ಲಿ (ಉಪ್ಪು ತೆಗೆಯುವ ಗದ್ದೆಗಳು) ಕಂದು ಬಣ್ಣದ ಕಲ್ಲುಪ್ಪು ಐದು ಕಿಲೋ ತಂದು, ಉಪ್ಪಿನಕಾಯಿಗೆ ಇಟ್ಟ ಮಾವಿನಕಾಯಿಯಲ್ಲಿ ಅರ್ಧಕ್ಕೆ ಅದನ್ನು, ಇನ್ನರ್ಧಕ್ಕೆ ಅಂಗಡಿ ಉಪ್ಪು ಹಾಕಿದ್ದೇವೆ. ಸದ್ಯಕ್ಕೆ ಸಾಣಿಕಟ್ಟೆಯ ಭರಣಿಯಲ್ಲೇ ಕಾಯಿ ಗಟ್ಟಿ ಇದೆ. ಕುಮಟಾದ ಹತ್ತಿರ ರಸ್ತೆ ಪಕ್ಕ ಜಡೆ ಹೆಣೆದು ತೂಗು ಹಾಕಿದ ಸಿಹಿ ಈರುಳ್ಳಿಯನ್ನೂ ಎರಡು ಗೊಂಚಲು ತಂದೆ, 300 ಕೊಟ್ಟಿರಬೇಕು. ಉಳ್ಳಾಗಡ್ಡಿ ಬೆಳೆಯುವ ಗದಗಿನವನೇ ಉಳ್ಳಾಗಡ್ಡಿ ಕೊಂಡು ತಂದ ಅಂತ ಓಣಿಯೆಲ್ಲ ನಕ್ಕಿತು. ಹಸಿ ತಿಂದು ನೋಡಿದ ಮೇಲೆ ಅವರೇ ಮುಂದಿನ ಸಲಕ್ಕೆ ದುಡ್ಡು ಕೊಟ್ಟಿದ್ದಾರೆ.

ಹೊನ್ನಾವರದ ಪಕ್ಕದ ಕಾಸರಕೋಡು ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ ಬೀಚಿಗೆ ಕೊಡುವ ಅಂತರರಾಷ್ಟ್ರೀಯ ಮನ್ನಣೆ) ಸಿಕ್ಕಿದೆ, ಚೊಕ್ಕ ಇದೆ, ಹೆಂಗಸರಿಗೆ ಅನುಕೂಲ. ಮುರ್ಡೇಶ್ವರದಲ್ಲಿ ಗೋಪುರ ನೋಡಿ ಒಂದು ತಾಸಿನಲ್ಲಿ ಹೊರಟೆವು, ಜನ ಜಾಸ್ತಿ. ವಾಪಸ್ ಹೊನ್ನಾವರಕ್ಕೆ ಬಂದು ಗೇರುಸೊಪ್ಪೆ ಘಾಟು ಹತ್ತಿ ಜೋಗ, ಸಿದ್ದಾಪುರ, ಶಿರಸಿ, ಮುಂಡಗೋಡ, ಹುಬ್ಬಳ್ಳಿ. ಘಾಟಲ್ಲಿ ಇಬ್ಬರನ್ನೂ ಉಪ್ಪನ್ನೂ ಹೊತ್ತು ಗಾಡಿ ಎರಡನೇ ಗೇರಲ್ಲಿ ಗೊಣಗುತ್ತಾ ಹತ್ತಿತು, ಎಲ್ಲೂ ನಿಲ್ಲಲಿಲ್ಲ. ಮಾರ್ಚ್‌ನಲ್ಲಿ ಜೋಗದ ನೀರು ಮಾತ್ರ ಕೇಳಬೇಡಿ.

ಒಟ್ಟು 700 ಕಿ.ಮೀ. ಆಗಿರಬಹುದು. ಪೆಟ್ರೋಲ್ 1,200 ಚಿಲ್ಲರೆ, ರೂಮು 2,100, ಊಟ ಚಹಾ 1,300, ದೋಣಿ, ಉಪ್ಪು, ಈರುಳ್ಳಿ ಎಲ್ಲ ಸೇರಿದರೂ ಐದು ಸಾವಿರದ ಮೇಲೆ ಸ್ವಲ್ಪ. ಬೈಕಿಗೆ ಟೋಲೂ ಇಲ್ಲ ಅಲ್ವಾ. ಬಂದ ಮೇಲೆ ಗಾಡಿಯನ್ನು ಸಿಹಿನೀರಲ್ಲಿ ತೊಳೆದು, ಚೈನ್ ಬಿಚ್ಚಿ ಎಣ್ಣೆ ಹಾಕಿಸಿ. ಉಪ್ಪುಗಾಳಿ ವಾರದಲ್ಲೇ ತುಕ್ಕು ಹಿಡಿಸುತ್ತದೆ.

ಮಳೆಗಾಲದಲ್ಲಿ ಈ ದಾರಿ ಬೇಡ. 2024ರ ಜುಲೈನಲ್ಲಿ ಅಂಕೋಲೆ ಹತ್ತಿರ ಶಿರೂರಿನಲ್ಲಿ ಗುಡ್ಡವೇ ಹೈವೇ ಮೇಲೆ ಕುಸಿದಿದ್ದು ನೆನಪಿರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನಂತೂ ಗಾಡಿ ತೆಗೆಯುವುದಿಲ್ಲ. ನವೆಂಬರ್‌ನಲ್ಲಿ ಕಾರವಾರದ ಕಡೆ ನೋಡುವ ಯೋಚನೆ ಇದೆ, ನಕ್ಕಿದ್ದ ಬುಲೆಟ್ ಗೆಳೆಯರಲ್ಲಿ ಒಬ್ಬನೂ ಬರುತ್ತಾನಂತೆ, ತಮ್ಮನ ಸ್ಪ್ಲೆಂಡರ್ ಕೇಳಿಕೊಂಡು.