ದ್ರವ ಗಂಧಕ: ಕ್ಯಾನ್ ಕೊಳ್ಳುವ ಮೊದಲು, ಕೊಂಡ ಮೇಲೆ

ಗೊಬ್ಬರದ ಅಂಗಡಿಗೆ ಹೋಗಿ ‘ಲಿಕ್ವಿಡ್ ಸಲ್ಫರ್ ಕೊಡಿ’ ಎಂದರೆ ಎರಡು ಬೇರೆ ಬೇರೆ ವಸ್ತುಗಳಲ್ಲಿ ಯಾವುದಾದರೊಂದು ಕೈಗೆ ಬರುತ್ತದೆ. ಒಂದು, ನುಣ್ಣಗೆ ಅರೆದ ಗಂಧಕವನ್ನು ನೀರಿನಲ್ಲಿ ತೇಲಿಸಿಟ್ಟ ಮಂದ ಮಿಶ್ರಣ. ಇನ್ನೊಂದು, ಪೂರ್ತಿ ಕರಗಿರುವ, ತಿಳಿಯಾದ ಥಯೋಸಲ್ಫೇಟ್ ಎಂಬ ಗಂಧಕದ ಲವಣ. ಇವೆರಡರ ಗುಣವೂ ಬೇರೆ, ಬಳಸುವ ರೀತಿಯೂ ಬೇರೆ. ಹಿರಿಯೂರು ಸೀಮೆಯ ಕೆಂಪು ಭೂಮಿಯಲ್ಲಿ ಡ್ರಿಪ್ ಹಾಕಿ ಈರುಳ್ಳಿ ಬೆಳೆಯುತ್ತೇವೆ. ಹೊಲದ ಲೆಕ್ಕದ ಪುಸ್ತಕ ನನ್ನ ಕೈಯಲ್ಲಿದೆ. ಯಾವ ಕ್ಯಾನ್ ಏನು ಕೊಡುತ್ತದೆ ಎಂದು ಲೆಕ್ಕ ಹಾಕದೆ ದುಡ್ಡು ಸುರಿಯುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಮೊದಲು ನಿಮ್ಮ ಹೊಲಕ್ಕೆ ಗಂಧಕ ಬೇಕೇ ಎಂದು ತಿಳಿದುಕೊಳ್ಳಿ. ಮಣ್ಣು ಆರೋಗ್ಯ ಚೀಟಿಯಲ್ಲಿ ಗಂಧಕದ ಸಾಲು ಇರುತ್ತದೆ. ಅಲ್ಲಿ 10 ಪಿಪಿಎಂಗಿಂತ (ಹತ್ತು ಲಕ್ಷ ಪಾಲಿನಲ್ಲಿ ಹತ್ತು ಪಾಲು) ಕಡಿಮೆ ಬಂದಿದ್ದರೆ ಕೊರತೆ ಇದೆ ಎಂದೇ ಅರ್ಥ. 2009ರಲ್ಲಿ ಆರಂಭವಾದ ಭೂಚೇತನ ಯೋಜನೆಯ ಮಣ್ಣು ಪರೀಕ್ಷೆಗಳು ನಮ್ಮ ರಾಜ್ಯದ ಮಳೆಯಾಶ್ರಿತ ಹೊಲಗಳಲ್ಲಿ ಗಂಧಕ, ಸತು, ಬೋರಾನ್ ಮೂರರ ಕೊರತೆಯನ್ನೂ ವ್ಯಾಪಕವಾಗಿ ತೋರಿಸಿದವು. ಇದಕ್ಕೆ ನಮ್ಮ ರೂಢಿಯೂ ಒಂದು ಕಾರಣ. ಹಿಂದೆ ಸೂಪರ್ ಫಾಸ್ಫೇಟ್ ಹಾಕುತ್ತಿದ್ದಾಗ ರಂಜಕದ ಜೊತೆ ಶೇಕಡಾ 11ರಷ್ಟು ಗಂಧಕವೂ ಮಣ್ಣಿಗೆ ಬೀಳುತ್ತಿತ್ತು. ಡಿಎಪಿ ಮತ್ತು ಯೂರಿಯಾಕ್ಕೆ ಒಗ್ಗಿಹೋದ ಮೇಲೆ ಅದು ನಿಂತಿತು. ಮೇಲಾಗಿ ಮರಳು ಹೆಚ್ಚಿರುವ ಕೆಂಪು ಮಣ್ಣಿನಲ್ಲಿ ಸಲ್ಫೇಟ್, ಅಂದರೆ ಬೇರು ಹೀರುವ ರೂಪದ ಗಂಧಕ, ನಿಲ್ಲುವುದಿಲ್ಲ, ಜೋರು ಮಳೆ ಬಿದ್ದರೆ ಬೇರಿನ ಕೆಳಕ್ಕೆ ಇಳಿದುಹೋಗುತ್ತದೆ.

ಬೆಳೆಯನ್ನು ನೋಡಿಯೂ ಗುರುತಿಸಬಹುದು. ಸಾರಜನಕ ಕಡಿಮೆಯಾದರೆ ಹಳೆಯ ಎಲೆ ಮೊದಲು ಹಳದಿಯಾಗುತ್ತದೆ. ಗಂಧಕ ಕಡಿಮೆಯಾದರೆ ಹೊಸ ಎಲೆ ಮೊದಲು ಬಿಳಿಚಿಕೊಳ್ಳುತ್ತದೆ, ಏಕೆಂದರೆ ಹಳೆಯ ಎಲೆಯಲ್ಲಿರುವ ಗಂಧಕ ಸುಲಭವಾಗಿ ಮೇಲಕ್ಕೆ ಹರಿಯುವುದಿಲ್ಲ. ಸುಣ್ಣ ಹೆಚ್ಚಿರುವ ಎರೆ ಭೂಮಿಯವರು ಇಲ್ಲಿ ಎಚ್ಚರ ವಹಿಸಬೇಕು. ಶೇಂಗಾದ ಚಿಗುರೆಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದಿದ್ದರೆ ಅದು ಕಬ್ಬಿಣದ ಕೊರತೆ. ಗಂಧಕದ ಕೊರತೆಯಲ್ಲಿ ನರವೂ ಸೇರಿ ಇಡೀ ಎಲೆ ಒಂದೇ ಸಮನೆ ಬಣ್ಣ ಕಳೆದುಕೊಳ್ಳುತ್ತದೆ.

ಇನ್ನು ಲೆಕ್ಕ. ಈರುಳ್ಳಿಗೆ ಹೆಕ್ಟೇರಿಗೆ 30ರಿಂದ 40 ಕಿಲೋ, ಅಂದರೆ ಎಕರೆಗೆ 12ರಿಂದ 16 ಕಿಲೋ ಗಂಧಕ ಬೇಕು. ಶೇಕಡಾ 20ರ ದ್ರವ ಗಂಧಕವನ್ನು ಲೀಟರ್ ನೀರಿಗೆ 2 ಮಿಲಿಯಂತೆ ಎಕರೆಗೆ 200 ಲೀಟರ್ ಸಿಂಪಡಿಸಿದರೆ ಖರ್ಚಾಗುವುದು 400 ಮಿಲಿ. ಅದರಲ್ಲಿರುವ ಗಂಧಕ ಹೆಚ್ಚುಕಡಿಮೆ 80 ಗ್ರಾಂ. ಬೇಕಾದದ್ದು 12 ಕಿಲೋ, ಕೊಟ್ಟದ್ದು 80 ಗ್ರಾಂ! ಎರಡು ಸಲ ಸಿಂಪಡಿಸಿದ ಮಾತ್ರಕ್ಕೆ ಬೆಳೆಯ ಗಂಧಕದ ಹಸಿವು ತೀರಿತೆಂದು ಯಾರಾದರೂ ಹೇಳಿದರೆ ಈ ಲೆಕ್ಕವನ್ನು ಅವರ ಮುಂದೆ ಇಡಿ.

ಆದ್ದರಿಂದ ಹೆಚ್ಚಿನ ಪಾಲು ನಾಟಿಗೆ ಮೊದಲೇ ಮಣ್ಣಿಗೆ ಸೇರಬೇಕು. ಎಕರೆಗೆ 50 ಕಿಲೋದ ಎರಡು ಚೀಲ ಸೂಪರ್ ಫಾಸ್ಫೇಟ್ ಹಾಕಿದರೆ 11 ಕಿಲೋ ಗಂಧಕ ಸಿಕ್ಕಿತು. ಉಳಿದ ಮೂರು, ನಾಲ್ಕು ಕಿಲೋವನ್ನು ಬೆಳೆ ಬೆಳೆಯುತ್ತಿರುವಾಗ ಕಂತುಕಂತಾಗಿ ಬೇರಿಗೇ ಕೊಡಬೇಕು. ದ್ರವ ಗಂಧಕ ನಿಜವಾಗಿ ಕೆಲಸಕ್ಕೆ ಬರುವುದು ಇಲ್ಲಿ.

ಡ್ರಿಪ್ ಇದ್ದವರಿಗೆ ನಾನು ಹೇಳುವುದು ಥಯೋಸಲ್ಫೇಟ್ ಅನ್ನೇ. ಪೊಟ್ಯಾಶಿಯಂ ಥಯೋಸಲ್ಫೇಟ್‌ನಲ್ಲಿ ಶೇಕಡಾ 25 ಪೊಟ್ಯಾಷ್, 17 ಗಂಧಕ ಇರುತ್ತದೆ. ಈ ದ್ರವ ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಹೀಗಾಗಿ ಲೀಟರಿಗೆ ಕಾಲು ಕಿಲೋ ಗಂಧಕ ಎಂದು ಲೆಕ್ಕ ಹಿಡಿಯಬಹುದು. 16 ಲೀಟರಿಗೆ 4 ಕಿಲೋ ಆಯಿತು. ನಾಟಿಯಾಗಿ 25 ದಿನವಾದಾಗ ಶುರುಮಾಡಿ, ಹತ್ತು ದಿನಕ್ಕೊಮ್ಮೆ ಎಕರೆಗೆ 4 ಲೀಟರಿನಂತೆ ನಾಲ್ಕು ಕಂತು ಕೊಡುತ್ತೇವೆ. ಇದರ ಜೊತೆ ಸುಮಾರು ಆರು ಕಿಲೋ ಪೊಟ್ಯಾಷ್ ಕೂಡ ಹೋಗುತ್ತದೆ, ಅಷ್ಟನ್ನು ಬೇರೆ ಪೊಟ್ಯಾಷ್ ಗೊಬ್ಬರದಲ್ಲಿ ಕಡಿಮೆ ಮಾಡಿಕೊಳ್ಳಿ. ಗೆಡ್ಡೆ ಬಲಿತ ಮೇಲೆ ಕೊಟ್ಟದ್ದು ವ್ಯರ್ಥ.

ಕೊಡುವಾಗ ಮೊದಲು ಬರೀ ನೀರು ಬಿಟ್ಟು ಪೈಪುಗಳು ತುಂಬಿ ಕೊನೆಯ ಸಾಲಿನಲ್ಲೂ ಹನಿ ಬೀಳುವುದನ್ನು ನೋಡಿ. ಗೊಬ್ಬರವನ್ನು ಬಕೆಟ್ ನೀರಿನಲ್ಲಿ ತೆಳುಮಾಡಿ ವೆಂಚುರಿಯಿಂದ (ಗೊಬ್ಬರವನ್ನು ಪೈಪಿನೊಳಕ್ಕೆ ಎಳೆಯುವ ಸಾಧನ) ನಿಧಾನವಾಗಿ ಎಳೆಸಿ. ಆಮೇಲೆ ಮತ್ತೆ ಬರೀ ನೀರು ಬಿಟ್ಟು ಪೈಪು ತೊಳೆಯಿರಿ. ಆದರೆ ಈ ನೀರು ಅತಿಯಾದರೆ ಕೊಟ್ಟದ್ದೆಲ್ಲ ಬೇರು ದಾಟಿ ಕೆಳಗಿಳಿಯುತ್ತದೆ.

ಒಂದು ವಿಷಯವನ್ನು ಮರೆಯಲೇಬಾರದು. ಥಯೋಸಲ್ಫೇಟ್ ಮತ್ತು ಆಸಿಡ್ ಒಟ್ಟಿಗೆ ಸೇರಕೂಡದು. ಪೈಪಿನ ಉಪ್ಪು ಬಿಡಿಸಲು ನಾವು ಬಳಸುವ ಫಾಸ್ಫಾರಿಕ್ ಆಸಿಡ್, ಯೂರಿಯಾ ಫಾಸ್ಫೇಟ್‌ನಂಥ ಹುಳಿ ಗೊಬ್ಬರ, ಇವು ತಗುಲಿದರೆ ದ್ರವ ಒಡೆದು ಗಂಧಕ ಪುಡಿಯಾಗಿ ಕೂರುತ್ತದೆ. ಬೆಂಕಿಕಡ್ಡಿ ಗೀರಿದಾಗ ಬರುವ ಘಾಟಿನ ಸಲ್ಫರ್ ಡೈಆಕ್ಸೈಡ್ ಅನಿಲವೂ ಏಳುತ್ತದೆ. ಮುಚ್ಚಿದ ಪಂಪ್‌ಹೌಸ್‌ನಲ್ಲಿ ಇದು ಉಸಿರಾಟಕ್ಕೆ ಅಪಾಯ. ಆಸಿಡ್ ಬಿಡುವ ದಿನವೇ ಬೇರೆ ಇರಲಿ, ಎರಡು ಕ್ಯಾನ್‌ಗಳನ್ನು ಇಡುವ ಜಾಗವೂ ಬೇರೆ ಇರಲಿ. ಅಳೆಯುವ ಮಗ್ಗು ಕೂಡ ಒಂದೇ ಆಗಬಾರದು. ಹಾಗೆಯೇ ಕ್ಯಾಲ್ಸಿಯಂ ನೈಟ್ರೇಟ್ ಮತ್ತು ಸಲ್ಫೇಟ್ ಇರುವ ಗೊಬ್ಬರಗಳನ್ನು ಒಂದೇ ತೊಟ್ಟಿಯಲ್ಲಿ ಕಲಸಬೇಡಿ. ಜಿಪ್ಸಂ (ಕ್ಯಾಲ್ಸಿಯಂ ಸಲ್ಫೇಟ್) ಕಟ್ಟಿ ಡ್ರಿಪ್ಪರ್ ಮುಚ್ಚಿಹೋಗುತ್ತದೆ.

ತೇಲಿಸಿದ ಗಂಧಕದ ಮಾತು ಬೇರೆ. ಅದು ಹಾಗೆಯೇ ಬೇರಿಗೆ ಆಹಾರವಾಗದು. ಮಣ್ಣಿನ ಸೂಕ್ಷ್ಮಾಣುಗಳು ಅದನ್ನು ಸಲ್ಫೇಟ್ ಮಾಡಿದ ಮೇಲೆಯೇ ಬೇರು ಹೀರುತ್ತದೆ, ಅದಕ್ಕೆ ತೇವವೂ ಬಿಸುಪೂ ಕೆಲವು ವಾರಗಳ ಕಾಲವೂ ಬೇಕು. ಕ್ಯಾನ್ ಬಹಳ ದಿನ ನಿಂತಿದ್ದರೆ ತಳದಲ್ಲಿ ಹಳದಿ ಗಸಿ ಗಟ್ಟಿಯಾಗಿ ಕೂತಿರುತ್ತದೆ. ಉದ್ದನೆಯ ಕೋಲು ಇಳಿಸಿ ತಳ ಮುಟ್ಟಿ ಕದಡಬೇಕು, ಕೋಲಿಗೆ ಅಂಟಿದ ಗಸಿಯನ್ನೂ ನೀರಿನಲ್ಲಿ ಬಿಡಿಸಬೇಕು. ಹಾಗೆ ಮಾಡದಿದ್ದರೆ ಮೊದಲ ಬಕೆಟ್‌ಗೆ ಬರೀ ತೆಳು ನೀರು, ಕೊನೆಯದಕ್ಕೆ ಗಂಧಕವೆಲ್ಲ. ಇದನ್ನು ನಾನು ಡ್ರಿಪ್‌ಗೆ ಬಿಡುವುದಿಲ್ಲ, ಫಿಲ್ಟರ್ ಕಟ್ಟುತ್ತದೆ. ಬೂದಿರೋಗಕ್ಕೆ ಸಿಂಪಡಿಸಲು ಇದು ಒಳ್ಳೆಯದು, ಬೆಲೆಯೂ ಅಲ್ಲಿಯೇ ದಕ್ಕುತ್ತದೆ. ಬಿಸಿಲು 32 ಡಿಗ್ರಿ ದಾಟುವ ಹೊತ್ತಿನಲ್ಲಿ ಹೊಡೆದರೆ ಎಲೆ ಸುಡುತ್ತದೆ, ಸಂಜೆಯೇ ಸರಿ. ಬೇವಿನೆಣ್ಣೆ ಸಿಂಪಡಿಸಿದ ಹೊಲಕ್ಕೆ ಎರಡು ವಾರವಾದರೂ ಗಂಧಕ ಬೇಡ. ಸೌತೆ, ಕಲ್ಲಂಗಡಿಯಂಥ ಬಳ್ಳಿಗಳು ಗಂಧಕಕ್ಕೆ ನಾಜೂಕು, ಒಂದೆರಡು ಬಳ್ಳಿಗೆ ಹೊಡೆದು ನೋಡಿಯೇ ಮುಂದುವರಿಯಿರಿ.

ಶೇಂಗಾ ಬೆಳೆಯುವವರಿಗೆ ನನ್ನ ಸಲಹೆ ನೇರವಾದದ್ದು: ದ್ರವ ಗಂಧಕಕ್ಕೆ ಹಣ ಹಾಕಬೇಡಿ, ಜಿಪ್ಸಂ ಹಾಕಿ. ಶೇಂಗಾದ ಕಾಯಿ ತನಗೆ ಬೇಕಾದ ಕ್ಯಾಲ್ಸಿಯಂ ಅನ್ನು ಸುತ್ತಲಿನ ಮಣ್ಣಿನಿಂದ ನೇರವಾಗಿ ಹೀರುತ್ತದೆ. ಹೂವಾಡುವ ಹೊತ್ತಿನಲ್ಲಿ ಎಕರೆಗೆ 200 ಕಿಲೋ ಜಿಪ್ಸಂ ಬುಡಕ್ಕೆ ಬಿದ್ದರೆ ಕ್ಯಾಲ್ಸಿಯಂ, ಗಂಧಕ ಎರಡೂ ಸಿಗುತ್ತವೆ.

ಎರೆ ಭೂಮಿಯ ಕ್ಷಾರ ಇಳಿಸಲು ಈ ಕ್ಯಾನ್ ಸಾಕೇ ಎಂದು ಕೇಳುವವರಿದ್ದಾರೆ. ಮೇಲಿನ ಅರ್ಧ ಅಡಿ ಮಣ್ಣಿನಲ್ಲಿ ಶೇಕಡಾ 1ರಷ್ಟು ಸುಣ್ಣ ಇದ್ದರೂ ಅದನ್ನು ಪೂರ್ತಿ ಕರಗಿಸಲು ಎಕರೆಗೆ ಎರಡೂವರೆ, ಮೂರು ಟನ್ ಗಂಧಕ ಬೇಕಾಗುತ್ತದೆ. ಲೀಟರ್ ಲೆಕ್ಕದ ಮಾತೇ ಅಲ್ಲ.

ಕೊಳ್ಳುವಾಗ ಲೀಟರಿನ ಬೆಲೆ ನೋಡಬೇಡಿ. ಕ್ಯಾನ್‌ಗೆ ಅಂಟಿಸಿದ ಲೇಬಲ್‌ನಲ್ಲಿರುವ ಶೇಕಡಾವಾರು ನೋಡಿ, ಒಂದು ಕಿಲೋ ಗಂಧಕಕ್ಕೆ ಎಷ್ಟು ಬಿತ್ತು ಎಂದು ಲೆಕ್ಕ ಮಾಡಿ, ಜಿಪ್ಸಂ ಜೊತೆ ಹೋಲಿಸಿ. ಬಳಸುವ ಮೊದಲ ವರ್ಷ ಎರಡು ಸಾಲಿನ ಲ್ಯಾಟರಲ್ (ಸಾಲಿಗೆ ನೀರು ಹನಿಸುವ ಸಣ್ಣ ಪೈಪು) ಕೊಳಾಯಿಯನ್ನು ಗೊಬ್ಬರ ಹೋಗುವಾಗ ಮುಚ್ಚಿಡಿ, ಆಮೇಲೆ ಬೇರೆಯಾಗಿ ನೀರು ಕೊಡಿ. ಕೊಯ್ಲಿನಲ್ಲಿ ಆ ಎರಡು ಸಾಲು ಮತ್ತು ಪಕ್ಕದ ಎರಡು ಸಾಲಿನ ಗೆಡ್ಡೆಗಳನ್ನು ಬೇರೆ ಬೇರೆ ಚೀಲಕ್ಕೆ ತುಂಬಿ ತೂಗಿ, ತೂಕವನ್ನು ಮಣ್ಣು ಚೀಟಿಯ ಹಿಂದೆಯೇ ಬರೆದಿಡಿ. ಮುಂದಿನ ಸಲ ಅಂಗಡಿಗೆ ಹೋಗುವಾಗ ಆ ಚೀಟಿ ಜೊತೆಗಿರಲಿ.