ಒದ್ದೆ ಕೈಗೆ ಯಾವ ಟಚ್?

ಕಾರವಾರದಲ್ಲಿ ಮಳೆ ಹಿಡಿಯಿತೆಂದರೆ ನನ್ನ ರಿಪೇರಿ ಅಂಗಡಿಗೆ ಬರುವ ದೂರು ಒಂದೇ: “ಟಚ್ ಕೆಲಸ ಮಾಡ್ತಾ ಇಲ್ಲ.” ನಾನು ಫೋನು ಕೈಗೆ ತಗೊಂಡು ಮೊದಲು ಒಣ ಬಟ್ಟೆಯಿಂದ ಒರೆಸುತ್ತೇನೆ. ಎಷ್ಟೋ ಸಲ ಅಷ್ಟಕ್ಕೇ ಸರಿಯಾಗುತ್ತದೆ. ಅದಕ್ಕೆ ದುಡ್ಡು ಕೇಳಲು ನಾಚಿಕೆ.

2010ರ ಸುಮಾರಿಗೆ ನನ್ನ ಮೇಜಿಗೆ ಜಾಸ್ತಿ ಬರುತ್ತಿದ್ದ ನೋಕಿಯಾ 5233ಕ್ಕೆ ಈ ತೊಂದರೆ ಇರಲಿಲ್ಲ. ಅದರದ್ದು ಒತ್ತುವ ಟಚ್, ಅಂದರೆ ರೆಸಿಸ್ಟಿವ್. ಮೇಲೆ ಬಾಗುವ ಪ್ಲಾಸ್ಟಿಕ್ ಹಾಳೆ, ಕೆಳಗೆ ಗಾಜು, ನಡುವೆ ಕೂದಲೆಳೆಯಷ್ಟು ಜಾಗ. ಒತ್ತಿದಾಗ ಎರಡೂ ತಾಗುತ್ತವೆ. ತಾಗಿದ ಕಡೆಯ ವೋಲ್ಟೇಜ್ ನೋಡಿ ಫೋನು ಜಾಗ ಲೆಕ್ಕ ಹಾಕುತ್ತದೆ. ಬೆರಳೇ ಆಗಬೇಕೆಂದಿಲ್ಲ. ಉಗುರು ನಡೆಯುತ್ತದೆ, ಪೆನ್ನಿನ ಕ್ಯಾಪೂ ನಡೆಯುತ್ತದೆ.

2009ರ ಸ್ಯಾಮ್‌ಸಂಗ್ ಕಾರ್ಬಿ, 2011ರ ಗ್ಯಾಲಕ್ಸಿ ವೈ ಬೇರೆ ಜಾತಿ, ಕೆಪ್ಯಾಸಿಟಿವ್. ಬೆರಳು ಹತ್ತಿರ ಬಂದಾಗ ಗಾಜಿನಡಿಯ ವಿದ್ಯುತ್ತಿನಲ್ಲಿ ಆಗುವ ಸಣ್ಣ ಏರುಪೇರನ್ನು ಅವು ಹಿಡಿಯುತ್ತವೆ. ಒತ್ತುವುದೇ ಬೇಡ, ಸವರಿದರೆ ಸಾಕು. ಆದರೆ ನೀರಿನ ಹನಿಯೂ ಅವಕ್ಕೆ ಬೆರಳಿನ ಹಾಗೇ ಕಾಣುತ್ತದೆ. ಉಪ್ಪುನೀರಾದರೆ ಕೇಳುವುದೇ ಬೇಡ.

ಇದು ನನಗೆ ಅರ್ಥವಾಗಿದ್ದು ಒಬ್ಬರು ಅಕ್ಕನಿಂದ. ಮೀನು ಮಾರ್ಕೆಟ್ಟಿನಲ್ಲಿ ಕೂರುವವರು, 5233 ಇಟ್ಟುಕೊಂಡಿದ್ದರು. ಹೊಸ ಫೋನು ಕೊಡಿಸಿದ ಬುದ್ಧಿವಂತ ನಾನೇ. “ಇದು ಹಳೇದಾಯ್ತು ಅಕ್ಕಾ, ಇದರಲ್ಲಿ ವೈಫೈ ಇಲ್ಲ, 3ಜಿ ಇಲ್ಲ” ಅಂತೆಲ್ಲ ಹೇಳಿ ಒಂದು ಕೆಪ್ಯಾಸಿಟಿವ್ ಫೋನು ತಲೆಗೆ ಕಟ್ಟಿದ್ದೆ. ಎಂಟೇ ದಿನಕ್ಕೆ ವಾಪಸ್ ಬಂದರು.

“ತಮ್ಮಾ, ಇದು ನನ್ನ ಕೈ ಕಂಡ್ರೆ ಹೆದರ್ತದೆ. ಒಬ್ಬರಿಗೆ ಹಚ್ಚಿದ್ರೆ ಇನ್ನೊಬ್ಬರಿಗೆ ಹೋಗ್ತದೆ.”

ಅಂಗಡಿಯಲ್ಲಿ ನೋಡಿದರೆ ಫೋನಿಗೆ ಏನೂ ಆಗಿರಲಿಲ್ಲ. ಆಮೇಲೆ ಹೊಳೆಯಿತು. ಲೋಟದ ನೀರಿಗೆ ಉಪ್ಪು ಹಾಕಿ, ಬೆರಳದ್ದಿ ಎರಡೂ ಫೋನಿನ ಮೇಲೆ ನಂಬರ್ ಒತ್ತಿದೆ. ಹಳೇದು ಹತ್ತಕ್ಕೆ ಹತ್ತೂ ಅಂಕಿ ಸರಿಯಾಗಿ ತಗೊಂಡಿತು. ಹೊಸದರಲ್ಲಿ ಒಂದೇ ಅಂಕಿ ಮೂರು ಸಲ ಬಿತ್ತು, ಆಮೇಲೆ ಪಟ್ಟಿ ತಾನಾಗಿಯೇ ಓಡತೊಡಗಿತು. ಅಕ್ಕನಿಗೆ ಹಳೇದನ್ನೇ ಕೊಟ್ಟು ಕಳಿಸಿದೆ. ಹೊಸದು ಅವರ ಮಗನ ಪಾಲಾಯಿತು.

ಹಾಗಂತ ರೆಸಿಸ್ಟಿವ್ ಫೋನನ್ನು ಹೊಗಳಿ ಅಟ್ಟಕ್ಕೇರಿಸುವುದಿಲ್ಲ. ಪ್ಲಾಸ್ಟಿಕ್ ಹಾಳೆಗೆ ಗೀರು ಬೇಗ ಬೀಳುತ್ತದೆ. ಎರಡು ಪದರ ಇರುವುದರಿಂದ ಬಿಸಿಲಲ್ಲಿ ಪರದೆ ಮಂಕು. ಎರಡು ಬೆರಳಿಟ್ಟು ಫೋಟೋ ದೊಡ್ಡದು ಮಾಡುವುದಂತೂ ಆಗದು. ನಮ್ಮಲ್ಲಿ ಇನ್ನೊಂದು ಕಾಟ ಮರಳು. ಬೀಚಿಗೆ ಹೋಗಿಬಂದ ಫೋನಿನ ಅಂಚಿನ ಸಂದಿಯಲ್ಲಿ ಒಂದೇ ಕಾಳು ಸಿಕ್ಕಿಕೊಂಡರೂ ಸಾಕು, ಯಾರೋ ಮೂಲೆಯನ್ನು ಸದಾ ಒತ್ತಿಕೊಂಡೇ ಇದ್ದಾರೆ ಅಂತ ಫೋನು ತಿಳಿಯುತ್ತದೆ. ವಿಸಿಟಿಂಗ್ ಕಾರ್ಡಿನ ಅಂಚನ್ನು ಸಂದಿಯಲ್ಲಿ ಸುತ್ತ ಎಳೆದರೆ ಕಾಳು ಹೊರಬರುತ್ತದೆ. ಇದಕ್ಕೂ ದುಡ್ಡು ಕೇಳಲಾಗುವುದಿಲ್ಲ!

ರಿಪೇರಿ ಮಾಡುವವನ ಕಣ್ಣಿಗೆ ಮಾತ್ರ ಹಳೇ ಫೋನುಗಳೇ ಚೆಂದ. ರೆಸಿಸ್ಟಿವ್ ಟಚ್ಚಿನಿಂದ ಸಾಮಾನ್ಯವಾಗಿ ನಾಲ್ಕು ತಂತಿ ಬರುತ್ತವೆ, ಎರಡೆರಡರ ಜೋಡಿ. ಮಲ್ಟಿಮೀಟರ್ ಹಿಡಿದರೆ ಒಂದೊಂದು ಜೋಡಿಯೊಳಗೆ ಕೆಲವು ನೂರು ಓಮ್ ತೋರಿಸಬೇಕು. ಒಂದು ಜೋಡಿಗೂ ಇನ್ನೊಂದಕ್ಕೂ ನಡುವೆ ಏನೂ ತೋರಿಸಬಾರದು, ಪರದೆ ಒತ್ತಿದಾಗ ಮಾತ್ರ ತೋರಿಸಬೇಕು. ಒಂದು ನಿಮಿಷದಲ್ಲಿ ಟಚ್ ಸತ್ತಿದೆಯೋ ಬದುಕಿದೆಯೋ ಗೊತ್ತಾಗುತ್ತದೆ. ಕೆಟ್ಟಿದ್ದರೆ ಟಚ್ ಒಂದನ್ನೇ ಕಿತ್ತು, ಡಬಲ್ ಟೇಪಿನಲ್ಲಿ ಬೇರೆ ಅಂಟಿಸಿದರಾಯಿತು. ಈಗಿನ ಫೋನುಗಳಲ್ಲಿ ಟಚ್ಚೂ ಡಿಸ್ಪ್ಲೇಯೂ ಅಂಟಿಕೊಂಡೇ ಇರುತ್ತವೆ. ಗಾಜು ಸೀಳಿದರೂ ಇಡೀ ಕಾಂಬೊ ಹಾಕಬೇಕು. ಗಿರಾಕಿ ನನ್ನ ಮುಖ ನೋಡುತ್ತಾರೆ, ನಾನೇ ಒಡೆದ ಹಾಗೆ.

ಬ್ಯಾಟರಿ ವಿಷಯವೂ ಹಾಗೇ. 5233ರದ್ದು 1320 ಎಂಎಎಚ್, ಗ್ಯಾಲಕ್ಸಿ ವೈದು 1200. ಈಗ ನಗು ಬರುವಷ್ಟು ಸಣ್ಣದು, ಆದರೆ ಉಗುರಿನಲ್ಲೇ ತೆಗೆಯಬಹುದಿತ್ತು. ದೋಣಿಯಲ್ಲಿ ಫೋನು ನೀರಿಗೆ ಬಿದ್ದರೆ ಮೊದಲು ಬ್ಯಾಟರಿ ಕಿತ್ತುಬಿಡಿ ಅಂತ ಬೈತಖೋಲ ಬಂದರಿನ ಹುಡುಗರಿಗೆ ಹೇಳಿಕೊಟ್ಟಿದ್ದೆ. ಕರೆಂಟ್ ಇದ್ದಾಗಲೇ ಉಪ್ಪುನೀರು ಬೋರ್ಡನ್ನು ತಿನ್ನುವುದು ಜಾಸ್ತಿ. ಕಿತ್ತು ತಂದವರ ಬೋರ್ಡು ತೊಳೆದರೆ ಎಷ್ಟೋ ಸಲ ಉಳಿಯುತ್ತಿತ್ತು. ಅಕ್ಕಿ ಡಬ್ಬಿಯಲ್ಲಿ ಮೂರು ದಿನ ಹುಗಿದಿಟ್ಟು ತಂದವರ ಬೋರ್ಡಿನ ಮೇಲೆ ಹಸಿರು ಪುಡಿ. ನೀರು ಆರುತ್ತದೆ, ಉಪ್ಪು ಎಲ್ಲಿಗೆ ಹೋಗಬೇಕು?

ಕನ್ನಡ ಓದುವುದಕ್ಕೆ ಮಾತ್ರ ಆಗ ಎರಡೂ ಜಾತಿಯಲ್ಲಿ ಪರದಾಟ. ಎಷ್ಟೋ ಫೋನುಗಳಲ್ಲಿ ಕನ್ನಡ ಬರೀ ಚೌಕ ಚೌಕ. ಒಪೆರಾ ಮಿನಿ ಬ್ರೌಸರಿನಲ್ಲಿ ‘ಒಪೆರಾ:ಕಾನ್ಫಿಗ್’ ಅಂತ ಹೊಡೆದು, ಕೆಳಗೆ ಬಿಟ್‌ಮ್ಯಾಪ್ ಫಾಂಟ್ ಅಂತ ಇದ್ದದ್ದನ್ನು ‘ಯೆಸ್’ ಮಾಡಿದರೆ ಅಕ್ಷರ ಚಿತ್ರವಾಗಿ ಮೂಡುತ್ತಿತ್ತು. ಪೇಪರ್ ಓದುವ ಎಷ್ಟೋ ಹಿರಿಯರಿಗೆ ಸುಮ್ನೆ ಮಾಡಿಕೊಟ್ಟಿದ್ದೇನೆ. ಬದಲಿಗೆ ಒಂದು ಚಾ.

ಈಗ ಅವೆಲ್ಲ ಡ್ರಾಯರಿನಲ್ಲಿ ಬಿದ್ದಿವೆ. 5233ರಂಥ ಸಿಂಬಿಯನ್ ಫೋನಿಗೆ ವಾಟ್ಸ್ಆ್ಯಪ್ 2017ರಲ್ಲಿ ನಿಂತಿತು, ಗ್ಯಾಲಕ್ಸಿ ವೈದಂಥ ಆಂಡ್ರಾಯ್ಡ್ 2.3ಕ್ಕೆ 2020ರಲ್ಲಿ. ಜಿಯೋ ಬರೀ 4ಜಿಯಲ್ಲೇ ಶುರುವಾದ್ದರಿಂದ ಅದರ ಸಿಮ್ ಮೊದಲಿಂದಲೂ ಇವುಗಳಲ್ಲಿ ನಡೆಯಲಿಲ್ಲ.

ಆ ಅಕ್ಕ ಆಮೇಲೂ ತುಂಬಾ ವರ್ಷ ಅದೇ 5233 ಬಳಸಿದರು. ಒಮ್ಮೆ “ಎಲ್ಲ ಒತ್ತುತ್ತದೆ, 9 ಒಂದು ಒತ್ತುವುದಿಲ್ಲ” ಅಂತ ತಂದರು. ಬಿಚ್ಚಿ ಬೆಳಕಿಗೆ ಹಿಡಿದೆ. ಪ್ಲಾಸ್ಟಿಕ್ ಹಾಳೆ 9ರ ಜಾಗದಲ್ಲಿ ಬೆಳ್ಳಗೆ ಸವೆದಿತ್ತು. ಆಗ ಅವರ ಗಿರಾಕಿಗಳ ನಂಬರೆಲ್ಲ ಶುರುವಾಗುತ್ತಿದ್ದದ್ದು 9ರಿಂದಲೇ ಅಲ್ವಾ. ನನ್ನ ಹತ್ತಿರ ಉಳಿದಿದ್ದ ಕೊನೆಯ ಟಚ್ ಹಾಕಿಕೊಟ್ಟೆ. ಮಜೂರಿ ಕೇಳಿದ್ದಕ್ಕೆ ಅರ್ಧ ಡಜನ್ ಬಂಗುಡೆ ಕೊಟ್ಟು ಹೋದರು.